ಕೊಯ್ಯುವ ಕೈ

ಮೇ 6, ಮಂಗಳವಾರ

ನಾಡಿ 118. ತೂಕ 51. ಗಂಟಲು ನೋವಿಲ್ಲ, ಜ್ವರವಿಲ್ಲ.

ದಿನಾ ಬೆಳಿಗ್ಗೆ ಎದ್ದ ಕೂಡಲೇ ಇಷ್ಟನ್ನು ಬರೆದಿಡಬೇಕೆಂದು ನರಿನ್ ಪಟ್ಟಣದ ಡಾಕ್ಟರ್ ಜಿಪಾರಾ ಹೇಳಿದ್ದಾರೆ. ನನ್ನ ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಬೇಕಾದ್ದಕ್ಕಿಂತ ಎರಡು ಪಾಲು ಹೆಚ್ಚು ಹಾರ್ಮೋನು ಸುರಿಯುತ್ತಿದೆಯಂತೆ. ಎದೆ ಹೊಡೆದುಕೊಳ್ಳುವುದು, ಬೆವರು, ತಿಂದದ್ದು ಮೈಗೆ ಹತ್ತದಿರುವುದು, ಕೈ ನಡುಗುವುದು ಎಲ್ಲ ಅದರಿಂದಲೇ. ಸಿಟ್ಟು ಕೂಡ ಅದರದ್ದೇ ಎಂದರು. ಸುಮ್ಮಸುಮ್ಮನೆ ರೇಗುತ್ತೀರಾ ಎಂದು ಕೇಳಿದರು. ಇಲ್ಲ, ಕಾರಣ ಇಟ್ಟುಕೊಂಡೇ ರೇಗುತ್ತೇನೆ ಎಂದೆ.

ಗುಳಿಗೆ ಕೊಟ್ಟಿದ್ದಾರೆ. ಎರಡು ವಾರಕ್ಕೊಮ್ಮೆ ಮಂಗಳವಾರ ಹೋಗಿ ರಕ್ತ ಕೊಡಬೇಕು. ಈ ಗುಳಿಗೆ ಸಾವಿರಕ್ಕೆ ಕೆಲವರಲ್ಲಿ ರಕ್ತದ ಬಿಳಿ ಕಣಗಳನ್ನು ತಿಂದುಹಾಕುತ್ತದಂತೆ. ಆಗ ಸಣ್ಣ ನಂಜು ಕೂಡ ಮನುಷ್ಯನನ್ನು ಕೊಲ್ಲುತ್ತದೆ. ಗಂಟಲು ನೋವು, ಜ್ವರ ಬಂದರೆ ಗುಳಿಗೆ ನಿಲ್ಲಿಸಿ ಅವತ್ತೇ ಬರಬೇಕು, ಮನೆಯಲ್ಲಿ ಮದುವೆಯಿರಲಿ ಸಾವಿರಲಿ. ಈ ಮಾತನ್ನು ನನ್ನ ಬಾಯಲ್ಲಿ ಮೂರು ಸಲ ಹೇಳಿಸಿದರು. ಡಾಕ್ಟರಿಗೆ ಬೇಕಾದದ್ದು ಮೇಲಿನ ಒಂದು ಸಾಲು. ಕೆಳಗಿನದ್ದನ್ನು ನನಗಾಗಿ ಬರೆದುಕೊಳ್ಳುತ್ತೇನೆ.

ಮೇ 9, ಶುಕ್ರವಾರ

ನಾಡಿ 120. ಗುಳಿಗೆ ನುಂಗಿದೆ.

ಇವತ್ತು ಕೆಳಗಿನ ಬೀದಿಯವರ ಕಂಬಳಿ ಕೊಯ್ಯಲು ಕರೆ ಬಂತು. ಕರೆದದ್ದು ನನ್ನನ್ನಲ್ಲ, ನನ್ನ ವಾರಗಿತ್ತಿಯನ್ನು.

ಈ ಊರಿನಲ್ಲಿ ಶಿರ್ದಕ್, ಅಂದರೆ ನೆಲಕ್ಕೆ ಹಾಸುವ ಚಿತ್ತಾರದ ಕಂಬಳಿ, ಕೊಯ್ಯುವ ಕೈ ಎಂದರೆ ಇಪ್ಪತ್ತು ವರ್ಷ ನನ್ನದೇ. ಕೆಂಪು ಉಣ್ಣೆಗಂಬಳಿಯ ಮೇಲೆ ಕಂದು ಕಂಬಳಿ ಹಾಸಿ, ಸೀಮೆಸುಣ್ಣದಲ್ಲಿ ಕುರಿಕೊಂಬಿನಂತೆ ಸುರುಳಿಯಾದ ಬಳ್ಳಿ ಬರೆದು, ಎರಡನ್ನೂ ಒಂದೇ ಸಲಕ್ಕೆ ಚೂರಿಯಲ್ಲಿ ಸೀಳಬೇಕು. ಕೆಂಪಿನಲ್ಲಿ ಕಂದು ಕೂರುತ್ತದೆ, ಕಂದಿನಲ್ಲಿ ಕೆಂಪು. ಚೂರಿ ಕೂದಲೆಳೆಯಷ್ಟು ಜಾರಿದರೂ ಎರಡು ಕಂಬಳಿ ಹಾಳು. ಹೊಲಿಯಲು ಹತ್ತು ಹೆಂಗಸರು ಸಿಗುತ್ತಾರೆ, ಕೊಯ್ಯುವವಳು ಒಬ್ಬಳೇ. ಅವಳಿಗೆ ಹೆಣ್ಣುಮಕ್ಕಳ ಸಾಲಿನಲ್ಲಿ ಮೊದಲ ಜಾಗ, ಮೊದಲ ಬಟ್ಟಲು ಚಹಾ.

ಹನ್ನೊಂದು ವರ್ಷದ ಹಿಂದೆ ನನ್ನ ಮೈದುನನ ಕೈಹಿಡಿದು ಬಂದಾಗ ವಾರಗಿತ್ತಿಗೆ ಚೂರಿ ಹಿಡಿಯುವುದೂ ಗೊತ್ತಿರಲಿಲ್ಲ. ನಾನೇ ಕೈಹಿಡಿದು ಕಲಿಸಿದೆ. ನಮ್ಮಲ್ಲಿ ಅಪ್ಪನ ಮನೆ ಕಿರಿಮಗನಿಗೆ; ಅವನ ಹೆಂಡತಿಯಾದ್ದರಿಂದ ದೊಡ್ಡ ಮನೆ ಅವಳಿಗೆ, ಅತ್ತೆ ಅವಳಿಗೆ. ನಾವು ಅದೇ ಅಂಗಳದ ಮೂಲೆಯ ಮನೆಯಲ್ಲಿದ್ದೇವೆ. ಉಳಿದದ್ದು ನನ್ನ ಕೈಯೊಂದಿತ್ತು. ಈಗ ಅದೂ ಅವಳ ಕಡೆ ಹೊರಟಿದೆ. ಬಾಯಲ್ಲಿ "ಎಜೆ, ಎಜೆ" ಎಂದು ಅಕ್ಕನನ್ನು ಕರೆಯುವ ಹಾಗೆ ಬೆಣ್ಣೆ ಸುರಿಸುತ್ತಾಳೆ. ಒಡಹುಟ್ಟಿದ ಅಕ್ಕನನ್ನೂ ಯಾರೂ ಅಷ್ಟು ಸಿಹಿಯಾಗಿ ಕರೆಯುವುದಿಲ್ಲ.

ಇರಲಿ. ನವೆಂಬರ್‌ನಲ್ಲಿ ನನ್ನ ಮಗಳು ಸಬೀರಾಳ ಮದುವೆ. ಅವಳ ಜೊತೆ ಹೋಗುವ ಶಿರ್ದಕ್ಕನ್ನು ಆಗಸ್ಟ್‌ನಲ್ಲಿ ಕೊಯ್ಯಬೇಕು. ಅಷ್ಟರೊಳಗೆ ಕೈ ನಡುಕ ನಿಲ್ಲಬೇಕು. ಮಗಳ ಶಿರ್ದಕ್ಕನ್ನು ಇನ್ನೊಬ್ಬಳು ಕೊಯ್ದಳು ಎನ್ನಿಸಿಕೊಂಡು ನಾನು ಬದುಕಲಾರೆ.

ಮೇ 20, ಮಂಗಳವಾರ

ನಾಡಿ 114. ತೂಕ 51.

ರಕ್ತ ಕೊಟ್ಟೆ. ಬಿಳಿ ಕಣ ಸರಿಯಿದೆಯಂತೆ.

ರಕ್ತ ಕೊಡುವ ಕೋಣೆಯ ಮುಂದೆ ಏಳು ಜನ ಹೆಂಗಸರು. ಎಲ್ಲರ ಕೈಯಲ್ಲೂ ಹಳೆಯ ರಿಪೋರ್ಟು. ಮಕ್ಕಳ ಪರೀಕ್ಷೆಯ ಅಂಕ ತೋರಿಸುವ ಹಾಗೆ ಒಬ್ಬರಿಗೊಬ್ಬರು ತೋರಿಸುತ್ತಾರೆ. ನನ್ನ ಪಕ್ಕದವಳು ಕೆಂಪು ಕೋಟು ತೊಟ್ಟ ದಪ್ಪನೆಯ ಹೆಂಗಸು, ಕಾಯಿಲೆ ನನ್ನದೇ, ಗುಳಿಗೆ ನನ್ನದೇ. ಒಂದೂವರೆ ತಿಂಗಳಲ್ಲೇ ಅವಳ ಹಾರ್ಮೋನು ಸರಿಹೋಗಿದೆ. "ನಂಗೇನೂ ತೊಂದ್ರೆನೇ ಆಗ್ಲಿಲ್ಲ ನೋಡಿ" ಎಂದು ಕೇಳದಿದ್ದರೂ ಹೇಳಿದಳು. ಅವಳ ರಿಪೋರ್ಟಿನ ಮೇಲೆ ಚಹಾ ಚೆಲ್ಲಬೇಕು ಎನ್ನಿಸಿತು. ಆದರೆ ಬರಿಹೊಟ್ಟೆಯಲ್ಲಿ ಬನ್ನಿ ಎಂದಿದ್ದರು, ಚಹಾ ಇರಲಿಲ್ಲ.

ಮೇ 21, ಬುಧವಾರ

ನಾಡಿ ನೋಡಲಿಲ್ಲ.

ಹಾಲು ತರಲು ದೊಡ್ಡ ಮನೆಗೆ ಹೋದೆ. ಒಳಗೆ ಸಬೀರಾಳ ದನಿ ಕೇಳಿಸಿತು. "ಚಿಕ್ಕಮ್ಮ, ಅಮ್ಮನ ಕೈ ನೋಡಿದ್ರಲ್ಲ, ಬಟ್ಟಲು ಹಿಡಿದ್ರೆ ತುಳುಕುತ್ತೆ. ನೀವೇ ಕೊಯ್ದುಬಿಡಿ. ಅಮ್ಮಂಗೆ ನಾನು ಹೇಳ್ತೀನಿ."

ವಾರಗಿತ್ತಿ ಹೇಳಿದಳು: "ಆಗಸ್ಟ್ ಇನ್ನೂ ದೂರ ಇದೆ ಕಣೇ. ನಿಮ್ಮಮ್ಮನ ಕೈಗೆ ಕಾಯೋಣ."

ಕಾಯುತ್ತಾಳಂತೆ. ಎಷ್ಟು ದೊಡ್ಡ ಮನಸ್ಸು! ಹದ್ದು ಕೂಡ ಹಾಗೇ ಮೇಲೆ ಸುತ್ತುತ್ತಾ ಕಾಯುತ್ತದೆ. ಹಾಲು ತೆಗೆದುಕೊಳ್ಳದೆ ಹಿಂದಿರುಗಿದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ನನ್ನ ಕೈ ಬೇಡ ಎಂದಳು. ಗಂಡನಿಗೆ ಹೇಳೋಣವೆಂದರೆ ಅವರು ಕುರಿ ಹೊಡೆದುಕೊಂಡು ಬೆಟ್ಟದ ಹುಲ್ಲುಗಾವಲಿಗೆ ಹೋಗಿದ್ದಾರೆ, ಆಗಸ್ಟ್ ಕೊನೆಯವರೆಗೆ ಬರುವುದಿಲ್ಲ. ಅಲ್ಲಿ ಫೋನೂ ಸಿಗುವುದಿಲ್ಲ.

ಮೇ 22, ಗುರುವಾರ

ನಾಡಿ 116.

ರಾತ್ರಿಯೆಲ್ಲ ಯೋಚಿಸಿದೆ. ಮದುವೆಯಾಗಿ ಬಂದಾಗ ವಾರಗಿತ್ತಿಗೂ ಗಳಗಂಡ ಇತ್ತು, ಕುತ್ತಿಗೆಯಲ್ಲಿ ಕೋಳಿಮೊಟ್ಟೆಯಷ್ಟು ಗಂಟು. ಅತ್ತೆ ಪ್ರತಿ ರಾತ್ರಿ ಹತ್ತಿ ಸುತ್ತಿದ ಕಡ್ಡಿಯನ್ನು ಅಯೋಡಿನ್ನಿನಲ್ಲಿ ಅದ್ದಿ ಅವಳ ಕುತ್ತಿಗೆಯ ಮೇಲೆ ಬಲೆ ಬರೆಯುತ್ತಿದ್ದರು, ಅಡ್ಡ ಐದು ಗೆರೆ, ಉದ್ದ ಐದು ಗೆರೆ. ಡಬ್ಬಿಯಲ್ಲಿ ಬರುವ ಸಮುದ್ರದ ಪಾಚಿ ತಿನ್ನಿಸಿದರು. ಒಂದು ವರ್ಷಕ್ಕೆ ಗಂಟು ಕರಗಿತು. ಈಗ ಅವಳ ಕುತ್ತಿಗೆ ನೋಡಬೇಕು, ಹದಿನೆಂಟರ ಹುಡುಗಿಯದ್ದು. ಬೆಟ್ಟದ ನೀರಿನಲ್ಲಿ ಅಯೋಡಿನ್ ಇಲ್ಲ, ಕುತ್ತಿಗೆಗೆ ಅದನ್ನು ಕೊಟ್ಟರೆ ಸರಿಹೋಗುತ್ತದೆ. ಇದು ಇಲ್ಲಿ ಮಕ್ಕಳಿಗೂ ಗೊತ್ತು.

ಅವಳಿಗೆ ಆದದ್ದು ನನಗೇಕೆ ಆಗಬಾರದು? ಬೇರೆ ಔಷಧಿ ಕೇಳದೆ ತೆಗೆದುಕೊಳ್ಳಬೇಡಿ ಎಂದು ಡಾಕ್ಟರ್ ಹೇಳಿದ್ದು ನಿಜ. ಆದರೆ ಅಯೋಡಿನ್ ಔಷಧಿಯೇ? ಅದು ಉಪ್ಪಿನ ಹಾಗೆ ಪ್ರತಿ ಮನೆಯಲ್ಲಿರುವ ವಸ್ತು. ಕನ್ನಡಿ ಮುಂದೆ ನಿಂತು ನಾನೇ ಬಲೆ ಬರೆದುಕೊಂಡೆ. ಕೈ ನಡುಗಿ ಗೆರೆಗಳು ಸೊಟ್ಟಗಾದವು. ಮೇಲೆ ಬಿಳಿ ವಸ್ತ್ರ ಸುತ್ತಿದೆ. ಪಾಚಿಯನ್ನೂ ತಿನ್ನಲು ಶುರುಮಾಡಿದೆ.

ಜೂನ್ 24, ಮಂಗಳವಾರ

ನಾಡಿ 124. ತೂಕ 49.

ಹೋದ ವಾರ ಕೊಟ್ಟ ಹಾರ್ಮೋನಿನ ರಕ್ತದ ರಿಪೋರ್ಟು ಬಂತು. ಇಳಿಯಬೇಕಾದದ್ದು ಏರಿದೆ. ಡಾಕ್ಟರ್ ಕನ್ನಡಕ ತೆಗೆದು ಕೇಳಿದರು: "ಗುಳಿಗೆ ದಿನಾ ತಗೋತಿದೀರಾ? ನನ್ನ ಹತ್ರ ಸುಳ್ಳು ಹೇಳಿದ್ರೂ ರಕ್ತ ಹೇಳಿಬಿಡುತ್ತೆ." ಗುಳಿಗೆಯ ಖಾಲಿ ಹಾಳೆಗಳನ್ನು ಮೇಜಿನ ಮೇಲೆ ಎಸೆದು ಲೆಕ್ಕ ಹಾಕಿಕೊಳ್ಳಿ ಎಂದೆ. ಅಯೋಡಿನ್ ವಿಚಾರ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಇನ್ನು ಮೂರು ವಾರ ನೋಡೋಣ, ಆಮೇಲೆ ಗುಳಿಗೆ ಹೆಚ್ಚಿಸಬೇಕಾದೀತು ಎಂದರು.

ಕೆಂಪು ಕೋಟಿನವಳು ಇವತ್ತೂ ಇದ್ದಳು. ಇನ್ನಷ್ಟು ದಪ್ಪಗಾಗಿದ್ದಾಳೆ. ಚೆನ್ನಾಗಿ ಕಾಣುತ್ತಾಳೆ, ಅದೇ ಸಂಕಟ.

ಜುಲೈ 10, ಗುರುವಾರ

ನಾಡಿ 122.

ಎರಡೂ ಮನೆಯ ಬಟ್ಟೆ ಒಟ್ಟಿಗೆ ಒಗೆಯುವ ದಿನ. ನನ್ನ ಕೈಯಲ್ಲಿ ಹಿಂಡಲು ಆಗುವುದಿಲ್ಲವೆಂದು ಎಲ್ಲ ವಾರಗಿತ್ತಿಯೇ ಒಗೆದಳು. ನಾನು ಕುತ್ತಿಗೆಗೆ ಸುತ್ತುವ ಗಂಜಿ ಹಾಕಿದ ವಸ್ತ್ರವನ್ನು ಬಿಡಿಸಿ ಬಿಸಿಲಿಗೆ ಹಿಡಿದಳು. ಅಯೋಡಿನ್ ತಾಗಿದ ಕಡೆಯೆಲ್ಲ ಗಂಜಿ ನೀಲಿಗಟ್ಟಿತ್ತು, ಚೌಕ ಚೌಕವಾಗಿ. ಅವಳು ಒಂದು ವರ್ಷ ಆ ಬಲೆ ಹೊತ್ತವಳು, ಹೇಳಿಕೊಡಬೇಕಾಗಿರಲಿಲ್ಲ.

ಡಾಕ್ಟರಿಗೆ ಇದು ಗೊತ್ತಾ ಎಂದು ಮೆಲ್ಲಗೆ ಕೇಳಿದಳು. ನಿನ್ನನ್ನು ಕೇಳಿದವರಾರು ಎಂದೆ. ನನ್ನದು ಬೇರೆ ಗಳಗಂಡ, ನಿಮ್ಮದು ಬೇರೆ ಇರಬಹುದಲ್ಲವೇ ಎಂದಳು. ಗಳಗಂಡದಲ್ಲೂ ನಿನ್ನದೇ ಮೇಲೋ ಎಂದು ವಸ್ತ್ರ ಕಿತ್ತುಕೊಂಡು ಬಂದೆ.

ಜುಲೈ 15, ಮಂಗಳವಾರ

ನಾಡಿ 126. ತೂಕ 48.

ವಾರಗಿತ್ತಿಗೆ ಪಟ್ಟಣದಲ್ಲಿ ಬಣ್ಣ ಕೊಳ್ಳುವ ಕೆಲಸವಿತ್ತಂತೆ. ಅದೇ ಬಾಡಿಗೆ ಕಾರಿನಲ್ಲಿ ಪಕ್ಕದಲ್ಲೇ ಕೂತು ಬಂದಳು. ಡಾಕ್ಟರ್ ಹೊಸ ರಿಪೋರ್ಟು ನೋಡಿ, ಗುಳಿಗೆ ಎರಡು ಪಟ್ಟು ಮಾಡಬೇಕು ಎಂದು ಚೀಟಿ ಬರೆಯಲು ಪೆನ್ನು ತೆಗೆದರು. ಆಗ ಬಾಗಿಲು ತಳ್ಳಿಕೊಂಡು ಬಂದವಳೇ ಹೇಳಿಬಿಟ್ಟಳು: "ಡಾಕ್ಟ್ರೇ, ಎಜೆ ಎರಡು ತಿಂಗಳಿಂದ ಕುತ್ತಿಗೆಗೆ ಅಯೋಡಿನ್ ಹಚ್ಕೋತಾ ಇದಾರೆ. ಪಾಚಿನೂ ತಿಂತಾರೆ."

ಡಾಕ್ಟರ್ ಪೆನ್ನು ಕೆಳಗಿಟ್ಟರು. ನನ್ನ ವಸ್ತ್ರ ಬಿಚ್ಚಿಸಿ ಕುತ್ತಿಗೆ ನೋಡಿದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಇವರಿಗೆ ಅಯೋಡಿನ್ ಕಮ್ಮಿಯಾಗಿ ಗಂಟು ಬಂದಿತ್ತು. ನಿಮ್ಮ ಗ್ರಂಥಿ ಹುಚ್ಚೆದ್ದು ಕೆಲಸ ಮಾಡ್ತಿದೆ. ನಿಮಗೆ ಅಯೋಡಿನ್ ಅಂದ್ರೆ ಉರಿಯೋ ಒಲೆಗೆ ಸೌದೆ. ಇದು ಗೊತ್ತಾಗದೆ ನಾನು ಗುಳಿಗೆ ಹೆಚ್ಚಿಸ್ತಿದ್ದೆ, ನಿಮ್ಮ ಬಿಳಿ ಕಣಕ್ಕೆ ಅಪಾಯ ಆಗ್ತಿತ್ತು." ಹಳೆಯ ಪ್ರಮಾಣವನ್ನೇ ಮುಂದುವರಿಸಿ, ಅಯೋಡಿನ್ ಮುಟ್ಟಬೇಡಿ ಎಂದು ಕಳಿಸಿದರು.

ದಾರಿಯುದ್ದಕ್ಕೂ ಅವಳೊಂದಿಗೆ ಒಂದು ಮಾತೂ ಆಡಲಿಲ್ಲ. ಮನೆಯ ಗುಟ್ಟನ್ನು ಪರರ ಮುಂದೆ ಬಿಚ್ಚಿದವಳು. ನನ್ನನ್ನು ದಡ್ಡಿ ಮಾಡಿ ತಾನು ಜಾಣೆಯಾದಳು. ಅವಳ ಗಂಟು ಒಳ್ಳೆಯ ಗಂಟು, ನನ್ನದು ಕೆಟ್ಟದ್ದು. ಕಾಯಿಲೆಯಲ್ಲೂ ದೇವರು ಅವಳಿಗೆ ಸುಲಭದ್ದನ್ನೇ ಆರಿಸಿಕೊಟ್ಟಿದ್ದಾನೆ.

ಜುಲೈ 16, ಬುಧವಾರ

ನಾಡಿ 124. ಅಯೋಡಿನ್ ಬಾಟಲಿಯನ್ನು ಅತ್ತೆಗೆ ಕೊಟ್ಟೆ. ವಾರಗಿತ್ತಿ ಹೇಳಿದಳೆಂದಲ್ಲ, ಡಾಕ್ಟರ್ ಹೇಳಿದರೆಂದು.

ಜುಲೈ 29, ಮಂಗಳವಾರ

ನಾಡಿ 104. ತೂಕ 50. ಬಿಳಿ ಕಣ ಸರಿ.

ವಾರಗಿತ್ತಿಯೊಂದಿಗೆ ಇನ್ನೂ ಮಾತಿಲ್ಲ. ಇವತ್ತು ಬಾಗಿಲ ಬಳಿ ಕೆನೆಯ ಬಟ್ಟಲು ಇಟ್ಟು ಹೋಗಿದ್ದಳು. ಬಟ್ಟಲು ಹಿಂದಕ್ಕೆ ಕಳಿಸಿದೆ. ಕೆನೆ ತಿಂದು ಕಳಿಸಿದೆ.

ಆಗಸ್ಟ್ 7, ಗುರುವಾರ

ನಾಡಿ 90. ರಾತ್ರಿ ಆರು ತಾಸು ನಿದ್ದೆ.

ಉಣ್ಣೆಗಂಬಳಿಗೆ ಬಣ್ಣ ಹಾಕಿದೆವು. ಕೆಂಪು ಚೆನ್ನಾಗಿ ಹಿಡಿಯಿತು. ಎಷ್ಟು ಹೊತ್ತು ಕುದಿಸಬೇಕೆಂದು ವಾರಗಿತ್ತಿ ಐಜಾರ್ಕಿನ್ ಕೇಳಿದಳು, ಹೇಳಿದೆ. ಬೇರೆ ಏನೂ ಇಲ್ಲ.

ಆಗಸ್ಟ್ 12, ಮಂಗಳವಾರ

ನಾಡಿ 82. ತೂಕ 53.

ಹಾರ್ಮೋನು ಅರ್ಧಕ್ಕಿಂತ ಹೆಚ್ಚು ಇಳಿದಿದೆ. ಮನೆಗೆ ಬಂದು ಕಂಬಳಿಯ ಒಂದು ಚೂರು ತೆಗೆದುಕೊಂಡು, ಬಾಗಿಲು ಹಾಕಿ ಕೊಯ್ದು ನೋಡಿದೆ. ಗೆರೆ ನೇರವಾಗಿ ಬಂತು. ಇನ್ನೊಂದು ಕೊಯ್ದೆ, ಅದೂ ಬಂತು. ಹದಿನಾರು ಚೂರು ಕೊಯ್ದೆ. ಆಮೇಲೆ ಕೂತು ಅತ್ತುಬಿಟ್ಟೆ.

ಸಂಜೆ ಚೂರುಗಳನ್ನು ಎಲ್ಲರಿಗೂ ಕಾಣುವ ಹಾಗೆ ಅಂಗಳದ ಕಟ್ಟೆಯ ಮೇಲೆ ಹರಡಿದೆ. ಐಜಾರ್ಕಿನ್ ಒಂದೊಂದನ್ನೂ ಎತ್ತಿ ನೋಡಿದಳು. ಮುಖ ಸಪ್ಪಗಾದೀತು ಎಂದು ಕಾದೆ, ಆಗಲಿಲ್ಲ.

ಆಗಸ್ಟ್ 21, ಗುರುವಾರ

ಬೆಳಿಗ್ಗೆ ನಾಡಿ 96. ಜ್ವರ 38.4. ಗಂಟಲು ನೋವು.

ಗಂಟಲು ನಿನ್ನೆ ಸಂಜೆಯೇ ಶುರುವಾಗಿತ್ತು. ಯಾರಿಗೂ ಹೇಳಲಿಲ್ಲ. ಇವತ್ತು ಸಬೀರಾಳ ಶಿರ್ದಕ್ ಕೊಯ್ಯುವ ದಿನ. ಹುಲ್ಲು ಕೊಯ್ಲು ಮುಗಿದು ಆಲೂಗಡ್ಡೆ ಕೀಳುವುದು ಶುರುವಾಗುವ ಮುನ್ನ ಹೊಲಿಯುವ ಹೆಂಗಸರಿಗೆ ಬಿಡುವಿರುವುದು ಇದೊಂದೇ ವಾರ. ಬೆಳಿಗ್ಗೆ ಐದಕ್ಕೇ ಎದ್ದು ಬಳ್ಳಿ ಬರೆದೆ. ಒಂದು ಸಾಲಿನಲ್ಲಿ ನಾಲ್ಕು ದೊಡ್ಡ ಚೌಕ, ಸುತ್ತ ಅಂಚು. ಸೀಮೆಸುಣ್ಣದ ಗೆರೆ ಕಂಬಳಿಯ ಮೇಲೆ ಒಂದು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ.

ಒಂಬತ್ತು ಗಂಟೆಗೆ ಎಂಟು ಜನ ಹೆಂಗಸರು ಸುತ್ತ ಕೂತರು. ಅತ್ತೆ ಚೂರಿಯನ್ನು ಒರೆಸಿ ನನ್ನ ಕೈಗೆ ಕೊಟ್ಟರು. ಐಜಾರ್ಕಿನ್ ಎದುರಿಗೆ ಕೂತು ಕಂಬಳಿಯ ಅಂಚು ಹಿಡಿದಳು. ಹಿಡಿಯುವುದು ಸಹಾಯಕಿಯ ಕೆಲಸ, ಮೂರು ತಿಂಗಳ ಮೇಲೆ ಅವಳನ್ನು ಆ ಜಾಗದಲ್ಲಿ ನೋಡಿ ಹಿತವಾಯಿತು. ಕೈ ಅಲುಗಲಿಲ್ಲ. ಚೂರಿಯ ತುದಿಯನ್ನು ಗೆರೆಯ ಮೇಲಿಟ್ಟೆ. ಅಷ್ಟರಲ್ಲಿ ಉಗುಳು ನುಂಗಬೇಕಾಯಿತು. ಗಂಟಲೊಳಗೆ ಮುಳ್ಳು ಎಳೆದ ಹಾಗಾಯಿತು.

ಡಾಕ್ಟರ್ ಮೂರು ಸಲ ಹೇಳಿಸಿದ್ದು ನೆನಪಾಯಿತು. ನಾಳೆ ಹೋದರಾಯಿತು ಎಂದುಕೊಂಡೆ. ಬಿಳಿ ಕಣ ಇಲ್ಲದಿದ್ದರೆ ನಾಳೆಯ ಹೊತ್ತಿಗೆ ಏನಾದೀತೋ ಎಂದೂ ಅನ್ನಿಸಿತು. ಸತ್ತರೆ ಸತ್ತೆ, ನನ್ನ ಮಗಳ ಶಿರ್ದಕ್ ನನ್ನ ಕೈಯದ್ದೇ ಆಗಿರುತ್ತದೆ. ಹೀಗೆಂದುಕೊಂಡು ತಲೆಯೆತ್ತಿದರೆ ಎದುರಿಗೆ ಐಜಾರ್ಕಿನ್‌ಳ ಮುಖ.

ಆಗ ಹೊಳೆಯಿತು. ನಾನು ಸತ್ತರೆ ಮದುವೆಯಲ್ಲಿ ಹೆಣ್ಣಿನ ತಾಯಿಯ ಜಾಗದಲ್ಲಿ ಕೂರುವವಳು ಇವಳೇ. ಬೀಗರು ಹೊದಿಸುವ ಶಾಲು ಇವಳ ಹೆಗಲಿಗೆ. ಹುಟ್ಟುವ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವುದು ಇವಳ ಕೈ. ಒಂದು ಕಂಬಳಿಗಾಗಿ ಅಷ್ಟನ್ನೂ ಇವಳಿಗೆ ಬಿಟ್ಟುಕೊಟ್ಟು ಹೋಗಲೇ?

ಚೂರಿಯನ್ನು ಹಿಡಿಕೆ ಮುಂದಾಗಿ ಅವಳ ಕಡೆ ಚಾಚಿದೆ. "ಗಂಟಲು ನೋವು, ಜ್ವರ ಇದೆ. ರಕ್ತ ಕೊಡೋಕೆ ಹೋಗ್ಬೇಕು. ನೀನು ಕೊಯ್ಯಿ" ಎಂದೆ.

ಅವಳು ಕೈ ಚಾಚಲಿಲ್ಲ. "ಬರೋವರೆಗೂ ಇರ್ಲಿ ಎಜೆ. ಗೆರೆ ಅಳಿಸಿದ್ರೆ ಮತ್ತೆ ಬರೀಬಹುದು."

"ಈ ಎಂಟು ಜನ ಮತ್ತೆ ಸಿಗ್ತಾರೇನೇ? ತಗೋ. ತಿರುವಿನಲ್ಲಿ ಚೂರಿ ಓರೆ ಮಾಡ್ಬೇಡ."

ತೆಗೆದುಕೊಂಡಳು. ಮೈದುನ ಕಾರು ತೆಗೆದ. ಹಿಂದಿರುಗಿ ನೋಡಲಿಲ್ಲ, ನೋಡಿದ್ದರೆ ಇಳಿದುಬಿಡುತ್ತಿದ್ದೆ.

ರಕ್ತ ತೆಗೆದು ಎರಡು ಗಂಟೆ ಕೂರಿಸಿದರು. ಬಿಳಿ ಕಣ 5.8. ಎಲ್ಲ ಸರಿ. ಬರೀ ನೆಗಡಿಯ ಗಂಟಲು ನೋವು, ಜೇನು ಹಾಕಿ ಬಿಸಿ ಹಾಲು ಕುಡಿಯಿರಿ ಎಂದರು ಡಾಕ್ಟರ್. ನನಗೆ ಎಷ್ಟು ಸಿಟ್ಟು ಬಂತೆಂದರೆ, ಕಾಯಿಲೆಯಾದರೂ ನೆಟ್ಟಗೆ ಬರಬಾರದಿತ್ತೇ ಎಂದು ಕೂಗಿದೆ. ಅವರು ನನ್ನ ಕೈಹಿಡಿದುಕೊಂಡು, ಬಂದದ್ದು ಒಳ್ಳೆಯದಾಯಿತು, ಮುಂದಿನ ಸಲವೂ ಹೀಗಾದರೆ ಬರಬೇಕು ಎಂದರು. ಅಲ್ಲಿಂದಲೇ ಮನೆಗೆ ಫೋನು ಮಾಡಿ ಅತ್ತೆಗೆ ವಿಷಯ ತಿಳಿಸಿದೆ.

ಬಂದು ನೋಡಿದರೆ ಮೂರು ಚೌಕ ಕೊಯ್ದಾಗಿತ್ತು. ನಾಲ್ಕನೆಯದು ಮತ್ತು ಅಂಚು ಹಾಗೇ ಇದ್ದವು. ಫೋನು ಬಂದ ಕ್ಷಣ ಐಜಾರ್ಕಿನ್ ಚೂರಿ ಕೆಳಗಿಟ್ಟಳಂತೆ. ಹೆಂಗಸರು ಎಷ್ಟು ಹೇಳಿದರೂ ಮುಟ್ಟಲಿಲ್ಲವಂತೆ. ಎಲ್ಲರ ಬಾಯಲ್ಲೂ ಅವಳ ಗುಣದ್ದೇ ಮಾತು. ಹೊಗಳಿಸಿಕೊಳ್ಳಲು ಅವಳಿಗೆ ಇದೂ ಒಂದು ದಾರಿಯಾಯಿತು.

ಆಗಸ್ಟ್ 22, ಶುಕ್ರವಾರ

ನಾಡಿ 86. ಜ್ವರ 37.3.

ಹೊಲಿಯುವವರು ಇನ್ನೊಂದು ದಿನ ನಿಂತರು. ಉಳಿದದ್ದನ್ನು ಕೊಯ್ದೆ. ಮೂಗು ಸೋರುತ್ತಿತ್ತು, ಐಜಾರ್ಕಿನ್ ಒಂದು ಕೈಯಲ್ಲಿ ಅಂಚು ಹಿಡಿದು ಇನ್ನೊಂದರಲ್ಲಿ ನನ್ನ ಮೂಗು ಒರೆಸಿದಳು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ನವೆಂಬರ್ 8, ಶನಿವಾರ

ನಾಡಿ 72. ತೂಕ 58.

ಮೊನ್ನೆ ಮಂಗಳವಾರದ ರಿಪೋರ್ಟಿನಲ್ಲಿ ಎಲ್ಲ ಅಂಕಿಗಳೂ ಇರಬೇಕಾದ ಜಾಗದಲ್ಲಿವೆ. ಇನ್ನು ಎರಡು ತಿಂಗಳಿಗೊಮ್ಮೆ ರಕ್ತ ಕೊಟ್ಟರೆ ಸಾಕು. ಗುಳಿಗೆ ಕಾಲು ಭಾಗಕ್ಕೆ ಇಳಿದಿದೆ.

ಸಬೀರಾಳ ಮದುವೆ ಚೆನ್ನಾಗಿ ಆಯಿತು. ಗಂಡನ ಮನೆಯ ನಡುಕೋಣೆಯಲ್ಲಿ ಶಿರ್ದಕ್ ಹಾಸಿದರು. ಬೀಗರ ಕಡೆಯ ಒಬ್ಬ ಮುದುಕಿ, ತಾನೂ ಒಂದು ಕಾಲದಲ್ಲಿ ಕೊಯ್ದವಳು, ಮಂಡಿಯೂರಿ ಒಂದೊಂದೇ ಚೌಕದ ಮೇಲೆ ಬೆರಳಾಡಿಸುತ್ತಾ ಹೋದಳು. ನಾನು ಹೊಸ ಶಾಲು ಹೊದ್ದು, ಹೆಣ್ಣಿನ ತಾಯಿಯಾಗಿ, ಮೊದಲ ಜಾಗದಲ್ಲಿ ಕೂತಿದ್ದೆ. ಆ ತುದಿಯಿಂದ ಶುರುವಾದ ಬೆರಳು ಮೊದಲು ನನ್ನ ನಾಲ್ಕನೆಯ ಚೌಕದ ಮೇಲೆ ಬಂತು, ತಲೆಯಾಡಿಸಿದಳು, ಮುಂದೆ ಹೋಯಿತು. ಮೂರನೆಯ ಚೌಕದ ತಿರುವಿನಲ್ಲಿ ನಿಂತಿತು.

"ಇಂಥ ತಿರುವು ನಾನು ನೋಡಿಲ್ಲ. ಇದು ಯಾರ ಕೈ?"

ಎಲ್ಲರೂ ನನ್ನ ಕಡೆ ನೋಡಿದರು. ನನ್ನದು ಎಂದರೆ ಅಲ್ಲಿ ಯಾರೂ ಇಲ್ಲ ಎನ್ನುತ್ತಿರಲಿಲ್ಲ. ಐಜಾರ್ಕಿನ್ ಬಾಗಿಲ ಬಳಿ ಚಹಾ ಸುರಿಯುತ್ತಿದ್ದಳು, ಅವಳಂತೂ ಬಾಯಿ ಬಿಡುತ್ತಿರಲಿಲ್ಲ.

"ಅದು ನಮ್ಮ ಐಜಾರ್ಕಿನ್ ಕೈ" ಎಂದೆ. "ಕರೀರಿ ಅವಳನ್ನ, ಚಹಾ ಬೇರೆ ಯಾರಾದ್ರೂ ಸುರೀಲಿ."

ಮುದುಕಿ ಅವಳನ್ನು ನನ್ನ ಪಕ್ಕದಲ್ಲೇ ಕೂರಿಸಿ ಹಣೆಗೆ ಮುತ್ತಿಟ್ಟಳು. ನನಗೆ ಹೊಟ್ಟೆಕಿಚ್ಚಾಯಿತು. ಇವತ್ತು ಅದನ್ನು ಹಾರ್ಮೋನಿನ ತಲೆಗೆ ಕಟ್ಟುವ ಹಾಗಿಲ್ಲ, ರಕ್ತ ಸರಿಯಾಗಿದೆ. ಇದು ನನ್ನದೇ. ಜಾಗ ಸಾಲದೆ ಅವಳು ಇಕ್ಕಟ್ಟಿನಲ್ಲಿ ಕೂತಿದ್ದಳು, ಸ್ವಲ್ಪ ಸರಿದು ಕೂತೆ.